ಗಣಿತ ವಿಷಯ ಸಂಯೋಜಕರ ಜವಾಬ್ದಾರಿ: ಮೊದಲ ತಿಂಗಳು ಎಲ್ಲಿಂದ ಹಿಡಿಯಬೇಕು?

ಘಟಪ್ರಭಾ ದಂಡೆ:

ಎಲ್ಲರಿಗೂ ನಮಸ್ಕಾರ. ಮುಧೋಳ ತಾಲೂಕಿನ ಹಿರಿಯ ಪ್ರಾಥಮಿಕ ಶಾಲೆಯಲ್ಲಿ ಸಹಶಿಕ್ಷಕಿ. 1ರಿಂದ 7ನೇ ತರಗತಿ, ಕನ್ನಡ ಮಾಧ್ಯಮ, 1ರಿಂದ 3 ನಲಿ-ಕಲಿ (ಕಾರ್ಡುಗಳ ಮೂಲಕ, ಗುಂಪಿನಲ್ಲಿ, ಮಗು ತನ್ನ ವೇಗದಲ್ಲಿ ಕಲಿಯುವ ಪದ್ಧತಿ). ಗಣಿತ ತೆಗೆದುಕೊಳ್ಳುವವರು ನಾನೂ ಸೇರಿ ಐವರು. ಈ ವರ್ಷ ಗಣಿತದ ಸಂಯೋಜನೆಯನ್ನು ಮುಖ್ಯ ಗುರುಗಳು ನನಗೆ ವಹಿಸಿದ್ದಾರೆ, ಆದರೆ ಏನೇನು ಮಾಡಬೇಕು ಎಂದು ಎಲ್ಲೂ ಬರೆದಿಲ್ಲ. ತರಗತಿ ವೀಕ್ಷಣೆಯಿಂದ ಶುರು ಮಾಡಲೋ, ಪಾಠಯೋಜನೆ, ದಾಖಲೆಗಳಿಂದಲೋ? ಇಬ್ಬರು ಸಹೋದ್ಯೋಗಿಗಳು ಸೇವೆಯಲ್ಲಿ ನನಗಿಂತ ಬಹಳ ಹಿರಿಯರು. 4ನೇ ತರಗತಿಗೆ ಬಂದ ಮಕ್ಕಳು ಕಳೆಯುವ ಲೆಕ್ಕದಲ್ಲೇ ನಿಂತುಬಿಡುತ್ತಾರೆ ಎಂಬ ದೂರು ಪ್ರತಿ ವರ್ಷ ಬರುತ್ತದೆ. ಸದ್ಯ ಸೇತುಬಂಧ (ಹಿಂದಿನ ತರಗತಿಯ ಕಲಿಕೆಯನ್ನು ವರ್ಷದ ಆರಂಭದಲ್ಲಿ ಸರಿಪಡಿಸುವ ಕಾರ್ಯಕ್ರಮ) ನಡೆದಿದೆ. ಕೆಲಸ ಮಾಡಿ ಗೊತ್ತಿದ್ದವರು ದಯವಿಟ್ಟು ವಿವರವಾಗಿ ತಿಳಿಸಿ.

ಚಿಕ್ಕೋಡಿ ಗಣಿತ:

ಮೇಡಂ, ವೀಕ್ಷಣೆಯನ್ನೂ ದಾಖಲೆಯನ್ನೂ ಸದ್ಯಕ್ಕೆ ಬದಿಗಿಡಿ. ಸೇತುಬಂಧದ ನೈದಾನಿಕ ಪರೀಕ್ಷೆಯ (ಮಗುವಿನ ತೊಡಕು ಎಲ್ಲಿದೆ ಎಂದು ಪತ್ತೆಹಚ್ಚುವ ಪರೀಕ್ಷೆ) ಉತ್ತರ ಪತ್ರಿಕೆಗಳು ಈಗ ನಿಮ್ಮ ಶಾಲೆಯಲ್ಲೇ ಇವೆ. ಬಹಳ ಕಡೆ ಅವುಗಳ ಅಂಕ ಕೂಡಿಸಿ, ನಮೂನೆ ತುಂಬಿ, ದಾರ ಕಟ್ಟಿ ಕಪಾಟಿಗೆ ಹಾಕುತ್ತಾರೆ. ಅಂಕದಲ್ಲಿ ತಪ್ಪು ಕಾಣುವುದಿಲ್ಲ. 10ಕ್ಕೆ 4 ತಗೊಂಡ ಇಬ್ಬರು ಮಕ್ಕಳ ತೊಡಕು ಪೂರ್ತಿ ಬೇರೆ ಇರಬಹುದು.

4ನೇ ತರಗತಿಯ ಕಟ್ಟು ಬಿಚ್ಚಿ, ಕಳೆಯುವ ಒಂದೇ ಲೆಕ್ಕ ಆರಿಸಿಕೊಳ್ಳಿ. ನಡುವೆ ಸೊನ್ನೆ ಇರುವ ಲೆಕ್ಕ ಪತ್ರಿಕೆಯಲ್ಲಿ ಇಲ್ಲದಿದ್ದರೆ ಹಲಗೆಯ ಮೇಲೆ 402 – 178 ಬರೆದು, ಐದು ನಿಮಿಷ ಕೊಟ್ಟು, ಚೀಟಿಯಲ್ಲಿ ಮಾಡಿಸಿ. ಆಮೇಲೆ ಅಂಕ ಹಾಕದೆ, ಉತ್ತರ ನೋಡಿ ಚೀಟಿಗಳನ್ನು ಗುಂಪು ಮಾಡಿ. ಸರಿ ಉತ್ತರ 224. ತಪ್ಪುಗಳು ಹೆಚ್ಚಾಗಿ ಹೀಗೆ ಬರುತ್ತವೆ:

376 ಬರೆದ ಮಗು ಪ್ರತಿ ಸ್ಥಾನದಲ್ಲೂ ದೊಡ್ಡದರಿಂದ ಸಣ್ಣದನ್ನು ಕಳೆದಿದೆ. 2ರಿಂದ 8 ಹೋಗದು ಎಂದು 8ರಿಂದ 2 ತೆಗೆದು 6, ಸೊನ್ನೆಯಿಂದ 7 ಹೋಗದು ಎಂದು 7. ಈ ಮಗುವಿಗೆ 402 ಎಂಬುದು ಒಂದು ಸಂಖ್ಯೆಯಲ್ಲ, ಪಕ್ಕ ಪಕ್ಕ ಕೂತ ಮೂರು ಅಂಕಿ. ಇದಕ್ಕೆ ಮತ್ತಷ್ಟು ಕಳೆಯುವ ಲೆಕ್ಕ ಕೊಟ್ಟು ಉಪಯೋಗವಿಲ್ಲ, ಸ್ಥಾನಬೆಲೆಗೇ ವಾಪಸ್ ಹೋಗಬೇಕು.

234 ಬರೆದ ಮಗು ನೂರನ್ನು ಬಿಡಿಸಿ ಹತ್ತು ದಶಕ ಮಾಡಿಕೊಂಡಿದೆ, ಬಿಡಿ ಸ್ಥಾನಕ್ಕೆ ಹತ್ತು ಕೊಟ್ಟಿದೆ, ಆದರೆ ಹತ್ತು ದಶಕ ಒಂಬತ್ತಾದದ್ದನ್ನು ಮರೆತಿದೆ. 324 ಬರೆದ ಮಗು ದಶಕವನ್ನು ಒಂಬತ್ತು ಮಾಡಿದೆ, ನೂರನ್ನು ಮಾತ್ರ ನಾಲ್ಕರಲ್ಲೇ ಬಿಟ್ಟಿದೆ. ಈ ಎರಡೂ ಗುಂಪು ದಾರಿಯಲ್ಲೇ ಇವೆ, ಎರಡು ಮೂರು ದಿನ ವಸ್ತು ಹಿಡಿದು ಮಾಡಿಸಿದರೆ ಸಾಕಾಗುತ್ತದೆ. 580 ಬರೆದವರು ಕೂಡಿಸಿದ್ದಾರೆ, ಅದು ಚಿಹ್ನೆ ನೋಡದ ತಪ್ಪು.

ಹೀಗೆ ಗುಂಪು ಮಾಡಿದ ಚೀಟಿಗಳನ್ನು ಹಿರಿಯ ಸಹೋದ್ಯೋಗಿಗಳ ಮುಂದೆ ಮೇಜಿನ ಮೇಲೆ ಹರಡಿ, "ಇದಕ್ಕೆ ಏನು ಮಾಡೋಣ ಸರ್?" ಎಂದು ಕೇಳಿ. ತರಗತಿಯ ಹಿಂದೆ ಪೆನ್ನು ಹಿಡಿದು ಕೂತವರಿಗೆ ಸಿಗದ ಮಾತು ಆ ಮೇಜಿನ ಸುತ್ತ ಸಿಗುತ್ತದೆ. ಅವರ ಅನುಭವವೂ ಕೆಲಸಕ್ಕೆ ಬರುತ್ತದೆ, ಅವರಿಗೆ ತಪಾಸಣೆ ಅನ್ನಿಸುವುದೂ ಇಲ್ಲ.

ಇನ್ನೊಂದು, ಅದೇ ವಾರ ಮಾಡಿ. ಪ್ರತಿ ತರಗತಿಯಿಂದ ಮೂರು ಗಣಿತ ನೋಟ್‌ಬುಕ್ ತರಿಸಿ. ಯಾರದ್ದೆಂದು ಹಾಜರಿ ಸಂಖ್ಯೆ ಹೇಳಿ ಕೇಳಿ (ಎಲ್ಲ ತರಗತಿಗೂ 3, 10, 17). ಆರಿಸಿ ಕೊಡಿ ಎಂದರೆ ಅಂದದ ಅಕ್ಷರದವೇ ಬರುತ್ತವೆ. 2ರಿಂದ 7ರವರೆಗೆ ಸಾಲಾಗಿ ತೆರೆದಿಟ್ಟು, ಕಳೆಯುವ ಲೆಕ್ಕವನ್ನು ಯಾರು ಹೇಗೆ ಬರೆಸಿದ್ದಾರೆ ನೋಡಿ. ಒಬ್ಬರು "ಕಡ ತಗೊಂಡೆ" ಅನ್ನುತ್ತಾರೆ, ಇನ್ನೊಬ್ಬರು "ಪಕ್ಕದ ಮನೆಯಿಂದ ಒಂದು", ಮತ್ತೊಬ್ಬರು "ದಶಕ ಬಿಡಿಸಿದೆ". ತರಗತಿ ದಾಟಿದಾಗೆಲ್ಲ ಮಗು ಹೊಸ ಮಾತು ಕಲಿಯಬೇಕು. ಕಡ ತಗೊಂಡರೆ ವಾಪಸ್ ಕೊಡಬೇಕಲ್ಲ ಎಂದು ಕೇಳುವ ಮಕ್ಕಳೂ ಇದ್ದಾರೆ, ಆ ಪ್ರಶ್ನೆ ನ್ಯಾಯದ್ದೇ. "ಬಿಡಿಸುವುದು" ಎಂಬ ಒಂದೇ ಮಾತಿಗೆ ಐವರೂ ಒಪ್ಪಿದರೆ ಸಂಯೋಜಕರ ಮೊದಲ ತಿಂಗಳ ಕೆಲಸ ಆಯಿತು.

ಡೋಣಿ ಹೊಳೆ:

ಮೇಡಂ, ಮ್ಯಾಲಿನವ್ರು ಹೇಳಿದ್ದು ಖರೇ ಅದ. ನಾ ಸಾಮಗ್ರಿ ಬಗ್ಗೆ ಅಷ್ಟ ಹೇಳ್ತೀನಿ ನೋಡ್ರಿ.

ನಲಿ-ಕಲಿಯೊಳಗ ಮಗು ಕಾರ್ಡು ಹಿಡಿದು, ಕಲಿಕಾ ಏಣಿ (ಕಲಿಕಿ ಹೆಜ್ಜಿಗಳ ಪಟ್ಟಿ) ಮ್ಯಾಲ ತನ್ನ ಮೈಲಿಗಲ್ಲು ನೋಡಿ, ತಟ್ಟೆ ಗುಂಪಿನ್ಯಾಗ ಕೂತು ಕಲಿತಿರ್ತದ. ಜೂನ್‌ದಾಗ 4ನೇತ್ತಕ್ಕ ಬಂದ ಕೂಡ್ಲೆ ಬೆಂಚು, ಪಠ್ಯಪುಸ್ತಕ, ಹಲಗಿ. ಮಗುವಿನ ಕೈಯಾಗಿನ ವಸ್ತು ಒಂದ ದಿನಕ್ಕ ಹೋಗಿಬಿಡ್ತದ. 4ನೇತ್ತದಾಗ ಲೆಕ್ಕ ನಿಲ್ಲೋದಕ್ಕ ಇದೊಂದು ದೊಡ್ಡ ಕಾರಣ. ಜೂನ್, ಜುಲೈ ಎರಡು ತಿಂಗಳರೆ 4ನೇತ್ತದ ಮಕ್ಕಳ ಕೈಯಾಗ ವಸ್ತು ಇರೋ ಹಂಗ ಮಾಡೋದು ಸಂಯೋಜಕರ ಕೆಲಸ.

ಗಣಿತ ಕಲಿಕಾ ಆಂದೋಲನದ (ವಸ್ತು ಹಿಡಿದು ಗಣಿತ ಕಲಿಸೋ ಕಾರ್ಯಕ್ರಮ) ಕಿಟ್ ಶಾಲ್ಯಾಗ ಇರ್ತದ, 4 ಮತ್ತ 5ನೇತ್ತಕ್ಕ ಅಂತನ ಕೊಟ್ಟದ್ದು. ಎಲ್ಲದ ನೋಡ್ರಿ. ಮುಖ್ಯ ಗುರುಗಳ ಖೋಲ್ಯಾಗ ಕೀಲಿ ಹಾಕಿದ್ದರ ಅದು ಇದ್ದೂ ಇಲ್ಲದಂಗ. ಸೋಮವಾರದಿಂದ ಬುಧವಾರ 4ನೇತ್ತದಾಗ, ಗುರುವಾರದಿಂದ ಶನಿವಾರ 5ನೇತ್ತದಾಗ ಇಡಸ್ರಿ. ಡಬ್ಬಿ ಮುಚ್ಚಳದ ಒಳಗ ಸಾಮಾನಿನ ಪಟ್ಟಿ, ಎಣಿಕಿ ಬರೆದು ಅಂಟಸ್ರಿ. ಬುಧವಾರ ಸಂಜೀಗೆ ಎರಡು ಮಕ್ಕಳು ಎಣಿಸಿ ಒಪ್ಪಸ್ಲಿ. ಕಳೀತದಂತ ಅಂಜಿ ಕೀಲಿ ಹಾಕೋದು, ಎಣಿಕಿ ಪಟ್ಟಿ ಇದ್ದರ ಆ ಅಂಜಿಕಿ ಹೋಗ್ತದ.

ಕಿಟ್ ಒಂದ ಇರೋದ್ರಿಂದ ಎಲ್ಲಾ ಗುಂಪಿಗೂ ಸಾಲೂದಿಲ್ಲ. ಗ್ರಾಫ್ ಹಾಳಿಯಿಂದ ಮಾಡ್ಕೋರಿ. ಗೆರಿ ಇದ್ದ ಭಾಗ 18×25 ಸೆಂ.ಮೀ. ಇದ್ದರ ಒಂದ ಹಾಳ್ಯಾಗ 10×10ರ ಎರಡು ಚೌಕ ಬರ್ತಾವ, ಅವು ನೂರು. ಉಳಿದದ್ರಾಗ 10×1ರ 21 ಪಟ್ಟಿ, ಅವು ದಶಕ. ಒಂದ ಗುಂಪಿಗೆ 9 ಚೌಕ, 19 ಪಟ್ಟಿ, 19 ಬಿಡಿ ತುಂಡು ಬೇಕು. ಐದು ಹಾಳಿ ತಗೊಂಡ್ರ ಮುಗೀತು, ಬಿಡಿ ತುಂಡಿಗೆ ಎರಡು ಪಟ್ಟಿ ಕತ್ತರಸ್ರಿ. ಮದಿವಿ ಲಗ್ನಪತ್ರಿಕೆ ರಟ್ಟಿಗೆ ಮೊದಲ ಅಂಟಿಸಿ ಆಮ್ಯಾಲ ಕತ್ತರಸ್ರಿ. ಕತ್ತರಿಸಿ ಅಂಟಿಸಿದ್ರ ಅಂಚು ಸರಿಯಾಗಂಗಿಲ್ಲ, ಹತ್ತು ಪಟ್ಟಿ ಒಂದ ಚೌಕಕ್ಕ ಕೂಡೂದಿಲ್ಲ. ಹತ್ತು ಪಟ್ಟಿ ಚೌಕದ ಮ್ಯಾಲ ಪಕ್ಕಾ ಕೂತರನ ಮಗುವಿಗೆ ಹತ್ತು ದಶಕ ಅಂದ್ರ ನೂರು ಅಂತ ಕಣ್ಣಿಗೆ ಕಾಣ್ತದ.

402ರಿಂದ 178 ತೆಗೆಯೋದನ್ನ ಹಿಂಗ ಮಾಡಸ್ರಿ. 4 ಚೌಕ, 2 ಬಿಡಿ ಇಡ್ಲಿ. ಒಂದು ಚೌಕ ಕೊಟ್ಟು 10 ಪಟ್ಟಿ ತಗೊಳ್ಲಿ. ಇಲ್ಲೆ ನಿಲ್ಲಿಸಿ, "ಈಗ ಎಷ್ಟದ?" ಅಂತ ಕೇಳ್ರಿ. 402ನ ಅದ ಅಂತ ಮಗುನ ಹೇಳ್ಬೇಕು. ಆಮ್ಯಾಲ ಒಂದು ಪಟ್ಟಿ ಕೊಟ್ಟು 10 ಬಿಡಿ. ಈಗ 3 ಚೌಕ, 9 ಪಟ್ಟಿ, 12 ಬಿಡಿ. ಆ 9 ಎಲ್ಲಿಂದ ಬಂತು ಅಂತ ಕೈಯಿಂದ ಮಾಡಿದ ಮಗು ಮರಿಯೂದಿಲ್ಲ. ಪ್ರತಿ ಹೆಜ್ಜಿ ಆದಕೂಡ್ಲೆ ಪಾಟಿ ಮ್ಯಾಲ ಬರೀಲಿ. ವಸ್ತು ಆಡೋದು ಒಂದು ದಿನ, ಬರೆಯೋದು ಇನ್ನೊಂದು ದಿನ ಅಂತ ಮಾಡಿದ್ರ ಎರಡೂ ಕೂಡೂದಿಲ್ಲ.

ಗಡಿಶಾಲೆ:

ಒಂದು ಮಾತು ಸೇರಿಸುತ್ತೇನೆ. ನಮ್ಮ ಬೆಳಗಾವಿ ಕಡೆ ಮನೆಮಾತು ಮರಾಠಿ ಅಥವಾ ಉರ್ದು ಇರುವ ಮಕ್ಕಳು ಕನ್ನಡ ಶಾಲೆಯಲ್ಲಿ ಬಹಳ. ನಿಮ್ಮಲ್ಲೂ ಕೆಲವರು ಇರಬಹುದು. ಕನ್ನಡದ "ಇಪ್ಪತ್ತೈದು" ಬರೆಯುವ ಕ್ರಮದಲ್ಲೇ ಇದೆ: ಮೊದಲು ಇಪ್ಪತ್ತು, ಆಮೇಲೆ ಐದು. ಮರಾಠಿಯ "ಪಂಚವೀಸ"ದಲ್ಲಿ ಐದು ಮುಂದೆ ಬರುತ್ತದೆ, ಮಗು 52 ಬರೆಯುತ್ತದೆ. 29ಕ್ಕೆ ಉರ್ದುವಿನಲ್ಲಿ "ಉಂತೀಸ್", ಮರಾಠಿಯಲ್ಲಿ "ಏಕೋಣತೀಸ". ಎರಡರಲ್ಲೂ ಮೂವತ್ತರ ಸದ್ದು ಇರುವುದರಿಂದ 39 ಬರುತ್ತದೆ. ಇದನ್ನು ದಡ್ಡತನ ಎಂದು ಬರೆದಿಟ್ಟರೆ ಮಗುವಿಗೆ ಅನ್ಯಾಯ. ಬರೀ ಕನ್ನಡ ಮನೆಮಾತಿನ ಮಕ್ಕಳಿಗೂ "ಒಂಬತ್ತು, ತೊಂಬತ್ತು" ಕಿವಿಗೆ ಒಂದೇ ಆಗುತ್ತದೆ, "ಐದುನೂರಾ ನಾಲ್ಕು" ಅಂದರೆ ಕೇಳಿದ ಹಾಗೇ 5004 ಬರೆಯುತ್ತಾರೆ. ಉಕ್ತಲೇಖನದಂತೆ ಹತ್ತು ಸಂಖ್ಯೆ ಹೇಳಿ ಬರೆಸಿ. 9, 90, 19, 29, 25, 52, 109, 190, 504, 540 ಇರಲಿ. ಏಳು ನಿಮಿಷದಲ್ಲಿ ಮುಗಿಯುತ್ತದೆ. ಇದರಲ್ಲಿ ತಪ್ಪಿದ ಮಗುವಿಗೆ ಕಳೆಯುವ ಲೆಕ್ಕ ಕೊಡುವ ಮೊದಲು ಇದನ್ನೇ ಸರಿಮಾಡಬೇಕು.

ಕಬ್ಬು ಕಡಿಯಲು ಗುಳೆ ಹೋಗುವ ಮನೆಗಳ ಮಕ್ಕಳದ್ದನ್ನೂ ಈಗಲೇ ಯೋಚಿಸಿ. ನಲಿ-ಕಲಿಯಲ್ಲಿ ಮಗು ವಾಪಸ್ ಬಂದಾಗ ಪ್ರಗತಿ ನೋಟದಲ್ಲಿ (ಮಗು ಮುಗಿಸಿದ ಹೆಜ್ಜೆಗಳನ್ನು ಗುರುತಿಸುವ ಪಟ್ಟಿ) ನಿಂತ ಜಾಗ ಸಿಗುತ್ತದೆ, ಅಲ್ಲಿಂದಲೇ ಮುಂದುವರಿಸಬಹುದು. 4ರ ನಂತರ ಆ ಅನುಕೂಲ ಇಲ್ಲ, ತರಗತಿ ಎಲ್ಲಿದೆಯೋ ಅಲ್ಲಿಗೇ ಮಗು ಬಂದು ಕೂರಬೇಕು. ಹೊರಡುವ ಮೊದಲು ನೋಟ್‌ಬುಕ್ಕಿನ ಹಿಂದಿನ ಪುಟದಲ್ಲಿ "ಇಲ್ಲಿಯವರೆಗೆ ಬರುತ್ತದೆ" ಎಂದು ಎರಡು ಸಾಲು ಬರೆದು, ಅದನ್ನೇ ತರಗತಿ ಶಿಕ್ಷಕರ ಹತ್ತಿರವೂ ಇಟ್ಟರೆ ಸಾಕು.

ಘಟಪ್ರಭಾ ದಂಡೆ:

ತುಂಬಾ ಉಪಕಾರವಾಯಿತು. ನಾಳೆಯೇ 4ನೇ ತರಗತಿಗೆ 402 – 178 ಕೊಡುತ್ತೇನೆ. ಎರಡು ಸಂದೇಹ. ಇದಕ್ಕೆಲ್ಲ ವೇಳೆ ಎಲ್ಲಿಂದ ಹೊಂದಿಸುವುದು? ತರಗತಿ ವೀಕ್ಷಣೆ ಪೂರ್ತಿ ಬಿಟ್ಟುಬಿಡಬಹುದೇ?

ಚಿಕ್ಕೋಡಿ ಗಣಿತ:

ವೀಕ್ಷಣೆ ಬಿಡಬೇಡಿ, ದಸರಾ ರಜೆಯ ನಂತರಕ್ಕೆ ಇಟ್ಟುಕೊಳ್ಳಿ. ಅಷ್ಟರಲ್ಲಿ ಎರಡು ರೂಪಣಾತ್ಮಕ ಮೌಲ್ಯಮಾಪನ (ಕಲಿಕೆಯ ನಡುವೆ ನಡೆಸುವ ಮೌಲ್ಯಮಾಪನ) ಆಗಿರುತ್ತವೆ, ಏನು ನೋಡಬೇಕು ಎಂದು ನಿಮಗೇ ಗೊತ್ತಿರುತ್ತದೆ. ಮೊದಲು ಅವರನ್ನು ನಿಮ್ಮ ತರಗತಿಗೆ ಕರೆಯಿರಿ, ಆಮೇಲೆ ನೀವು ಹೋಗಿ. ಪೂರ್ತಿ 40 ನಿಮಿಷ ಕೂರಬೇಡಿ, 20 ಸಾಕು. ನೋಡುವ ವಿಷಯವನ್ನು ಮೊದಲೇ ಇಬ್ಬರೂ ಸೇರಿ ಗೊತ್ತುಮಾಡಿ: "ತಪ್ಪು ಉತ್ತರ ಬಂದಾಗ ಆ ಮಗುವಿಗೆ ಮುಂದಿನ ಪ್ರಶ್ನೆ ಏನು ಕೇಳಿದಿರಿ", ಅಷ್ಟೇ. ಬರೆದ ಹಾಳೆಯನ್ನು ಅವರ ಕೈಗೇ ಕೊಟ್ಟು ಬನ್ನಿ, ಪ್ರತಿ ಇಟ್ಟುಕೊಳ್ಳಬೇಡಿ. ಹೆಸರು ಸಮೇತ ಮುಖ್ಯ ಗುರುಗಳಿಗೆ ವರದಿ ಹೋದ ದಿನದಿಂದ ಯಾರೂ ನಿಮಗೆ ನೋಟ್‌ಬುಕ್ ತೋರಿಸುವುದಿಲ್ಲ.

ವೇಳೆ ಬಾಯಿಮಾತಿನಲ್ಲಿ ಸಿಗುವುದಿಲ್ಲ. ವಾರಕ್ಕೆ ಎರಡು ಅವಧಿಯನ್ನು "ಗಣಿತ ಸಂಯೋಜನೆ" ಎಂದೇ ಶಾಲಾ ವೇಳಾಪಟ್ಟಿಯಲ್ಲಿ ಬರೆಸಿ. ಕೊನೆಯ ಅವಧಿ ಬೇಡ, ಅದು ಆಟಕ್ಕೋ ಬೇರೆ ಕಾರ್ಯಕ್ರಮಕ್ಕೋ ಹೋಗುತ್ತದೆ. ಯಾರಾದರೂ ರಜೆ ಹಾಕಿದರೆ ನಿಮ್ಮ ಬಿಡುವಿನ ಅವಧಿಯನ್ನೇ ಮೊದಲು ತುಂಬಿಸುತ್ತಾರೆ, ಆದ್ದರಿಂದ ಎರಡನ್ನೂ ಒಂದೇ ದಿನ ಹಾಕಿಸಬೇಡಿ. ಮಂಗಳವಾರ ಮತ್ತು ಗುರುವಾರ ಊಟಕ್ಕೆ ಮುಂಚಿನ ಅವಧಿ ಕೇಳಿ ನೋಡಿ. ಐವರ ಸಭೆ ತಿಂಗಳಿಗೆ ಒಂದು, ಶನಿವಾರ ಶಾಲೆ ಬಿಟ್ಟ ಮೇಲೆ 25 ನಿಮಿಷ. ಬಸ್ಸಿನ ವೇಳೆ ಮೊದಲೇ ಕೇಳಿಕೊಂಡು ಇಡಿ. ಸಭೆಗೆ ಬೇರೆ ಕಾರ್ಯಸೂಚಿ ಬೇಡ, ಒಂದು ಲೆಕ್ಕದ ಚೀಟಿಗಳ ಕಟ್ಟು ತೆಗೆದುಕೊಂಡು ಹೋಗಿ. ಮುಂದಿನ ತಿಂಗಳು ಅದೇ ಲೆಕ್ಕವನ್ನು ಅಂಕಿ ಬದಲಿಸಿ, 503 – 267 ಎಂದು ಕೊಟ್ಟು, 364, 246, 336 ಬರೆದವರು ಎಷ್ಟು ಉಳಿದಿದ್ದಾರೆ ಎಂದು ಐವರೂ ಕೂತು ಎಣಿಸಿ.