ಟರ್ಬೊ ಎಂಜಿನ್‌ಗೆ ಯಾವ ಹೆಡ್ ಗ್ಯಾಸ್ಕೆಟ್?

ಪ್ರಶ್ನೆ: ಬ್ಲಾಕ್‌ನ ಸಿಲಿಂಡರ್‌ಗಳನ್ನ 86 ಎಂಎಂ ಅಗಲಕ್ಕೆ ಬೋರ್ ಮಾಡಿಸಿದ್ದೀನಿ, ಟರ್ಬೊ ಹಾಕೋ ಪ್ಲಾನು. ಕಂಪ್ರೆಷನ್ ಇಳಿಸೋಕೆ ಬ್ಲಾಕಿಗೂ ಹೆಡ್ಡಿಗೂ ನಡುವೆ 2 ಎಂಎಂ ದಪ್ಪದ ಗ್ಯಾಸ್ಕೆಟ್ ಹಾಕ್ಲಾ? ಎಂಎಲ್‌ಎಸ್ಸೋ (ಹಲವು ಪದರದ ಉಕ್ಕಿನದ್ದು), ತಾಮ್ರದ್ದೋ?

ಉತ್ತರ 1: ದಪ್ಪದ್ದು ಬೇಡ ಮಾರಾಯ್ರೆ. ಮೇಲೆ ಬಂದ ಪಿಸ್ಟನ್ನಿಗೂ ಹೆಡ್ಡಿಗೂ ನಡುವಿನ ಸಂದು ಸುಮಾರು 1 ಎಂಎಂ ಇದ್ರೇನೇ ಮಿಶ್ರಣ ಚೆನ್ನಾಗಿ ಉರಿಯೋದು. ಸಂದು ಹಿಗ್ಗಿದ್ರೆ ಕಂಪ್ರೆಷನ್ ಇಳಿದ್ರೂ ನಾಕಿಂಗ್ (ಮಿಶ್ರಣ ತಾನಾಗೇ ಸಿಡಿಯೋದು) ಕಾಟ ತಪ್ಪಲ್ಲ. ಕಂಪ್ರೆಷನ್ ಇಳಿಸೋಕೆ ಡಿಶ್ ಪಿಸ್ಟನ್ (ತಲೆ ತಗ್ಗಾಗಿರೋದು) ಹಾಕ್ಸಿ. ಗ್ಯಾಸ್ಕೆಟ್ ತೂತು 87 ಎಂಎಂ ಇರಲಿ. ಅಂಚು ಸಿಲಿಂಡರ್ ಒಳಗೆ ಚಾಚಿದ್ರೆ ಕೆಂಪಗೆ ಕಾದು, ಪ್ಲಗ್‌ಗಿಂತ ಮೊದಲೇ ಅದೇ ಬೆಂಕಿ ಹಚ್ಚುತ್ತೆ.

ಉತ್ತರ 2: ರೋಡಲ್ಲಿ ಓಡಿಸೋದಾದ್ರೆ ಎಂಎಲ್‌ಎಸ್ಸೇ. ತಾಮ್ರದ್ದು ಕೂಲೆಂಟ್ ಜಿನುಗಿಸಿ ತಲೆ ತಿನ್ನುತ್ತೆ. ಆದ್ರೆ ಎಂಎಲ್‌ಎಸ್‌ಗೆ ಬ್ಲಾಕ್, ಹೆಡ್ ಎರಡರ ಮೈ ಒರಟುತನವೂ 50 ಆರ್‌ಎ (ಮೈಕ್ರೋಇಂಚಲ್ಲಿ ಸರಾಸರಿ ಒರಟುತನ) ಒಳಗಿರ್ಬೇಕು. ಉಗುರು ಎಳೆದು ನೋಡಿದ್ರೆ ಗೊತ್ತಾಗಲ್ಲ, ಮೀಟರ್ ಇಟ್ಟೇ ಅಳೆಸಿ.

ಪ್ರಶ್ನೆ ಕೇಳಿದವರು: ಹಳೇ ಹೆಡ್ ಬೋಲ್ಟ್ ನಡೆಯುತ್ತಾ?

ಉತ್ತರ 2: ಒಮ್ಮೆ ಬಿಗಿದಾಗ ಎಳೆದು ಹಿಗ್ಗಿದ ಬೋಲ್ಟಾ? ಬೇಡ್ರೀ. ಸ್ಟಡ್ (ಬ್ಲಾಕಿಗೆ ತಿರುಗಿಸಿ ಮೇಲೆ ನಟ್ ಬಿಗಿಯೋ ಕಂಬಿ) ಹಾಕಿ.