ಅಮೋನಿಯಾ ಸೋರಿದರೆ ಮೊದಲ ಒಂದು ಗಂಟೆ ಕಂಪನಿ ಯಾರಿಗೆ, ಏನು ಹೇಳಬೇಕು?

ಪ್ರಶ್ನೆ | ಮಾಲೂರು ಎಚ್‌ಆರ್
ಮಾಲೂರು ಕೈಗಾರಿಕಾ ಪ್ರದೇಶದಲ್ಲಿ ಅಮೋನಿಯಾ ಕೂಲಿಂಗ್ ಇರುವ ಕೋಲ್ಡ್ ಸ್ಟೋರೇಜ್ ನಮ್ಮದು. ಕನ್ನಡ, ತೆಲುಗು, ತಮಿಳು, ಹಿಂದಿ ಮಾತಾಡುವವರೆಲ್ಲ ಕೆಲಸಕ್ಕಿದ್ದಾರೆ. ಕಾಂಪೌಂಡ್ ಆಚೆಗೇ ಊರು. ತುರ್ತು ಯೋಜನೆಯಲ್ಲಿ ಸೈರನ್, ಮಾಸ್ಕ್, ಅಸೆಂಬ್ಲಿ ಪಾಯಿಂಟ್ ಎಲ್ಲ ಇದೆ. ಮಾಹಿತಿ ಕೊಡುವ ವಿಷಯಕ್ಕೆ ಮಾತ್ರ ಒಂದೇ ಸಾಲು: "ಬೆಂಗಳೂರು ಆಫೀಸಿನ ಅನುಮತಿ ಇಲ್ಲದೆ ಯಾರೂ ಮಾತಾಡಬಾರದು." ವಕೀಲರೂ ಅದನ್ನೇ ಹೇಳುತ್ತಾರೆ. ಇಷ್ಟು ಸಾಕಾ?

ಉತ್ತರ 1 | ಸೇಫ್ಟಿ ಆಫೀಸರ್, ವಸಂತನರಸಾಪುರ
ಸಾಲದು ಸರ್. ಅನುಮತಿ ಬರುವಷ್ಟರಲ್ಲಿ ವಾಟ್ಸಾಪ್ ಗ್ರೂಪುಗಳು ಸತ್ತವರ ಲೆಕ್ಕ ಹಾಕಿಬಿಟ್ಟಿರುತ್ತವೆ. ಮೊದಲ ಸಂದೇಶ ಕಳಿಸುವ ಅಧಿಕಾರ ಶಿಫ್ಟ್ ಇನ್‌ಚಾರ್ಜ್ ಕೈಯಲ್ಲೇ ಇರಲಿ. ಒಕ್ಕಣೆಯನ್ನು ಈಗಲೇ ನಾಲ್ಕೂ ಭಾಷೆಯಲ್ಲಿ ಬರೆದು ಒಪ್ಪಿಗೆ ಪಡೆದಿಡಿ, ಸಮಯ ಮತ್ತು ಜಾಗ ತುಂಬುವುದಷ್ಟೇ ಬಾಕಿ ಇರಬೇಕು:

"10:20ಕ್ಕೆ ಕಂಪ್ರೆಸರ್ ರೂಮಿನಲ್ಲಿ ಅಮೋನಿಯಾ ಸೋರಿದೆ. ಮನೆಯೊಳಗಿದ್ದವರು ಬಾಗಿಲು, ಕಿಟಕಿ ಮುಚ್ಚಿ ಮೂಗು–ಬಾಯಿಗೆ ಒದ್ದೆ ಬಟ್ಟೆ ಹಿಡಿಯಿರಿ. ಹೊರಗಿದ್ದವರು ಗಾಳಿ ಬೀಸುವ ದಿಕ್ಕಿಗೆ ಅಡ್ಡವಾಗಿ ದೂರ ಹೋಗಿ. ಮುಂದಿನ ಮಾಹಿತಿ 11:00ಕ್ಕೆ."

ಹೊಸದೇನೂ ಇಲ್ಲದಿದ್ದರೂ 11:00ಕ್ಕೆ "ಸೋರಿಕೆ ತಡೆಯುವ ಕೆಲಸ ಮುಂದುವರಿದಿದೆ" ಎಂದು ಹೇಳಲೇಬೇಕು. ಆ ಹೊತ್ತು ತಪ್ಪಿದರೆ ನಿಮ್ಮ ಮುಂದಿನ ಮಾತನ್ನು ಯಾರೂ ನಂಬುವುದಿಲ್ಲ. ಪ್ರತಿ ಸಂದೇಶದಲ್ಲೂ ದಿನಾಂಕ, ಗಂಟೆ ಇರಲಿ. ಇಲ್ಲದಿದ್ದರೆ ಹಳೆಯದು ಫಾರ್ವರ್ಡ್ ಆಗಿ ಸಂಜೆ ಮತ್ತೆ ಗಾಬರಿ ಎಬ್ಬಿಸುತ್ತದೆ. ಊರಿಗೆ ಪಂಚಾಯಿತಿ ಮೈಕೇ ಬೇಗ ಮುಟ್ಟುತ್ತದೆ.

ಎಲ್ಲರೂ ಎಡವುವುದು ಗುತ್ತಿಗೆ ಕಾರ್ಮಿಕರ ವಿಷಯದಲ್ಲಿ. ಅವರ ಮನೆಯವರ ಫೋನ್ ನಂಬರ್ ಕಂಟ್ರಾಕ್ಟರ್ ಹತ್ತಿರ ಮಾತ್ರ ಇರುತ್ತದೆ, ಆ ದಿನ ಅವನು ಫೋನ್ ಎತ್ತುವುದಿಲ್ಲ. ಪಟ್ಟಿಯ ಒಂದು ಪ್ರತಿ ಗೇಟಿನಲ್ಲಿರಲಿ. ಗಾಯಾಳುಗಳ ಮನೆಗೆ ಪತ್ರಕರ್ತರಿಗಿಂತ ಮೊದಲು ಕರೆ ಹೋಗಬೇಕು, ಅದೂ ಅವರ ಭಾಷೆ ಬಲ್ಲವರಿಂದ. ಸಾವು–ನೋವಿನ ಸಂಖ್ಯೆಯನ್ನು ಆಸ್ಪತ್ರೆ ಅಥವಾ ಪೊಲೀಸರು ಖಚಿತಪಡಿಸುವ ಮುನ್ನ ಬಾಯಿಬಿಡಬೇಡಿ.

ಉತ್ತರ 2 | ಕಾರ್ಮಿಕ ಸಂಬಂಧ, ಕೋಲಾರ
ಕಾರಣವನ್ನೂ ಅವಸರದಲ್ಲಿ ಹೇಳಬಾರದು. ನಮ್ಮ ನರಸಾಪುರದಲ್ಲೇ ನೋಡಿ: ಐಫೋನ್ ಜೋಡಿಸುತ್ತಿದ್ದ ವಿಸ್ಟ್ರಾನ್ ಕಾರ್ಖಾನೆಯಲ್ಲಿ 2020ರ ಡಿಸೆಂಬರ್ 12ರಂದು ನಡೆದ ಕಾರ್ಮಿಕರ ಗಲಭೆಯ ಬಳಿಕ ಕಂಪನಿಯ ಮೊದಲ ಹೇಳಿಕೆ, ಹೊರಗಿನಿಂದ ನುಗ್ಗಿದ ಅಪರಿಚಿತರು ಮಾಡಿದ್ದು ಎಂದಿತ್ತು. ಡಿಸೆಂಬರ್ 19ಕ್ಕೆ ಅದೇ ಕಂಪನಿ, ಕೆಲವು ಕಾರ್ಮಿಕರಿಗೆ ಸರಿಯಾಗಿ, ಸಮಯಕ್ಕೆ ಸಂಬಳ ಆಗಿಲ್ಲ ಎಂದು ಒಪ್ಪಿ ಕ್ಷಮೆ ಕೇಳಿತು. ಭಾರತದ ವ್ಯವಹಾರ ನೋಡುತ್ತಿದ್ದ ಉಪಾಧ್ಯಕ್ಷರನ್ನು ತೆಗೆಯಿತು. ಎರಡನೆಯ ಹೇಳಿಕೆಯಲ್ಲಿ ಹುರುಳಿತ್ತು, ಏಕೆಂದರೆ ತಪ್ಪು ಯಾವುದು, ಏನು ಕ್ರಮ ಎಂಬುದು ಅದರಲ್ಲಿತ್ತು. ಆದರೆ ಮೊದಲನೆಯದನ್ನು ಊರು ಮರೆಯುವುದಿಲ್ಲ. "ತನಿಖೆ ನಡೆಯುತ್ತಿದೆ, ಕಾರಣ ಗೊತ್ತಾದಾಗ ನಾವೇ ಹೇಳುತ್ತೇವೆ" ಎಂದಷ್ಟೇ ಅಂದಿದ್ದರೆ ಸಾಕಿತ್ತು.

ಉತ್ತರ 3 | ಕಂಪನಿ ಸೆಕ್ರೆಟರಿ, ಚಿಕ್ಕಬಳ್ಳಾಪುರ
ಆಡಿದ ಮಾತೇ ತಪ್ಪೊಪ್ಪಿಗೆ ಆದೀತು ಎಂಬ ವಕೀಲರ ಭಯ ನ್ಯಾಯವಾದದ್ದೇ, ಆದರೆ ಅದಕ್ಕೆ ಬಾಯಿ ಮುಚ್ಚಿ ಕೂರಬೇಕಿಲ್ಲ. "ಗಾಯಗೊಂಡವರ ಆಸ್ಪತ್ರೆ ಖರ್ಚು ಪೂರ್ತಿ ನಮ್ಮದು" ಎಂದರೆ ಅದು ತಪ್ಪೊಪ್ಪಿಗೆ ಆಗುವುದಿಲ್ಲ. "ವಾಲ್ವ್ ಹಳೆಯದಾಗಿತ್ತು" ಎನ್ನುವ ಮಾತು ಬೇರೆ, ಅದು ತನಿಖೆಗೆ ಬಿಟ್ಟದ್ದು.

ಇಲಾಖೆಗಳ ಗಡುವನ್ನೂ ಅದೇ ಹಾಳೆಯಲ್ಲಿ ಬರೆದಿಡಿ. ಅಪಾಯಕಾರಿ ರಾಸಾಯನಿಕಗಳ 1989ರ ನಿಯಮದಂತೆ ದೊಡ್ಡ ಅವಘಡವನ್ನು 48 ಗಂಟೆಯೊಳಗೆ ಸಂಬಂಧಪಟ್ಟ ಪ್ರಾಧಿಕಾರಕ್ಕೆ ತಿಳಿಸಬೇಕು. ಷೇರುಪೇಟೆಯಲ್ಲಿರುವ ಕಂಪನಿಯಾದರೆ ಷೇರುಪೇಟೆ ನಿಯಂತ್ರಕ ಸೆಬಿಯ ಮಾಹಿತಿ ಬಹಿರಂಗದ 30ನೇ ನಿಯಮವೂ ಇದೆ: ಘಟನೆಯ ಬಗೆ ನೋಡಿ 12 ಅಥವಾ 24 ಗಂಟೆ. ಇಲಾಖೆಗೆ ಹೋದ ಪತ್ರ ಮತ್ತು ಊರಿಗೆ ಹೇಳಿದ ಮಾತು ತಾಳೆಯಾಗದಿದ್ದರೆ ಕೋರ್ಟಿನಲ್ಲಿ ಮೊದಲು ಏಳುವುದು ಅದೇ ಪ್ರಶ್ನೆ. ಎರಡನ್ನೂ ಒಬ್ಬರೇ ಓದಿ ಕಳಿಸಲಿ.