ಸಹಾಯ ಬೇಕು: ಬಾಗಲಕೋಟೆ ರೊಟ್ಟಿ ಅಂಗಡಿಯವರಿಂದ
ನಮಸ್ಕಾರ್ರಿ. ಬೌದ್ಧಿಕ ನ್ಯೂನತೆ ಇರೋ 16-17 ವರ್ಷದ ನಾಲ್ಕು ಮಕ್ಕಳಿಗೆ ಶಾಲೆ ಮುಗಿಯೂದ್ರೊಳಗ ಕೆಲಸದ ರೂಢಿ ಮಾಡಿಸಬೇಕಾಗೇದ. ನವನಗರದಾಗ ಕಡಕ್ ರೊಟ್ಟಿ ಮಾರೋರು ವಾರಕ್ಕ ಎರಡು ದಿನ, ತಾಸೊಂದು ಪ್ಯಾಕಿಂಗಿಗೆ ಕರಕೊಳ್ತೀರೇನ್ರಿ? ಜೊತಿಗೆ ನಮ್ಮವರೊಬ್ಬರು ಇರ್ತಾರ.

ಮಕ್ಕಳು ಬಾಯಿಲೆ ಎಣಿಸಿದ್ರ ಏಳೆಂಟಕ್ಕ ಲೆಕ್ಕ ತಪ್ಪತದ. ಅದಕ್ಕ ಬಟ್ಟಲದಾಗ ಹತ್ತು ಬಾಟ್ಲಿ ಮುಚ್ಚಳ ಇಡ್ತೀವಿ: ಒಂದು ರೊಟ್ಟಿ ಇಟ್ಟರ ಒಂದು ಮುಚ್ಚಳ ಹೊರಗ, ಬಟ್ಟಲ ಖಾಲಿ ಆದ್ರ ಪ್ಯಾಕೆಟ್ ತುಂಬಿದಂಗ. ಅಂಚು ಹಿಡಿದು ಎತ್ತಿದ್ರ ರೊಟ್ಟಿ ಮುರೀತದ, ಎರಡೂ ಅಂಗೈ ಕೆಳಗ ಕೊಡಬೇಕು. 'ಲಗೂ ಮಾಡು' ಅಂತ ಮಾತ್ರ ಅನಬ್ಯಾಡ್ರಿ, ಅವಸರದಾಗ ಮುಚ್ಚಳ ಮರೀತಾರ.

ಇನ್ನೊಂದು, ಇಂಥಾ ಮಕ್ಕಳ ಮನಿಯವರಿಗೆ. ಮಕ್ಕಳಿಗೆ 18 ತುಂಬಿದ ಮ್ಯಾಲ ತಂದೆ-ತಾಯಿನೂ ತಾವಾಗೇ ಕಾನೂನಿನ ಪಾಲಕರಾಗಿ ಉಳಿಯೂದಿಲ್ಲ. 1999ರ ನ್ಯಾಷನಲ್ ಟ್ರಸ್ಟ್ ಕಾಯ್ದೆ ಪ್ರಕಾರ ಪಾಲಕರಾಗಾಕ ಜಿಲ್ಲಾದಾಗಿನ ಸ್ಥಳೀಯ ಮಟ್ಟದ ಸಮಿತಿಗೆ ಅರ್ಜಿ ಕೊಡಬೇಕು. ಹಾಕಿದೋರು ಇದ್ದರ, ಯಾವ ಕಾಗದ ಇಲ್ಲಂತ ಅರ್ಜಿ ತಿರುಗಿ ಬಂತು, ಹೇಳ್ರಿ.